ವೆಂಬನಾಡಿನ ಹಸಿರು ಹೊದಿಕೆ

ಆಲಪ್ಪುಳ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಹೌಸ್‌ಬೋಟ್. ಹೊಸದಾಗಿ ಮದುವೆಯಾದವರು ಹೋಗಿ ಬಂದು ತೋರಿಸುವ ಫೋಟೊಗಳಲ್ಲಿ ತೆಂಗಿನ ಸಾಲು, ಬಿದಿರು ಹೆಣೆದ ಚಾವಣಿಯ ದೋಣಿ, ಹಿಂದೆ ಕಣ್ಣು ಹಾಯಿಸಿದಷ್ಟೂ ನೀರು. ಆ ಫೋಟೊಗಳ ಒಂದು ಮೂಲೆಯಲ್ಲಿ, ದಂಡೆಗೆ ತಾಗಿಕೊಂಡು, ದಪ್ಪ ಹಸಿರು ಎಲೆಗಳ ನಡುವೆ ತಿಳಿ ನೇರಳೆ ಬಣ್ಣದ ಹೂಗೊಂಚಲೊಂದು ಹೆಚ್ಚಾಗಿ ಇದ್ದೇ ಇರುತ್ತದೆ. ಅದನ್ನು ಯಾರೂ ಗಮನಿಸುವುದಿಲ್ಲ. ನಾನು ಬರೆಯಹೊರಟಿರುವುದು ಆ ಮೂಲೆಯ ಬಗ್ಗೆ.

ವೆಂಬನಾಡು ಭಾರತದ ಅತಿ ಉದ್ದದ ಸರೋವರ. ಆಲಪ್ಪುಳ, ಕೋಟ್ಟಯಂ, ಎರ್ನಾಕುಲಂ ಎಂಬ ಮೂರು ಜಿಲ್ಲೆಗಳಿಗೆ ಅದು ಹರಡಿದೆ. ಪಂಪಾ, ಮಣಿಮಲ, ಅಚ್ಚನ್‌ಕೋವಿಲ್, ಮೀನಚ್ಚಿಲ್ ನದಿಗಳು ಬೆಟ್ಟದಿಂದ ಸಿಹಿನೀರು ತಂದು ಇದಕ್ಕೆ ಸುರಿಯುತ್ತವೆ. ಇನ್ನೊಂದು ತುದಿಯಲ್ಲಿ, ಕೊಚ್ಚಿಯ ಅಳಿವೆಯಲ್ಲಿ, ಸಮುದ್ರ ಬಾಯಿ ತೆರೆದುಕೊಂಡಿದೆ. ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂದು 2002ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಜಾಗ ಇದು. ಇದರ ದಕ್ಷಿಣಕ್ಕಿರುವ ಕುಟ್ಟನಾಡಿನಲ್ಲಿ ಜನರು ಸಮುದ್ರ ಮಟ್ಟಕ್ಕಿಂತ ಕೆಳಗೆ ಭತ್ತ ಬೆಳೆಯುತ್ತಾರೆ. ಸುತ್ತಲೂ ಮಣ್ಣಿನ ದಂಡೆ, ಅದರ ಹೊರಗೆ ಎತ್ತರದಲ್ಲಿ ನೀರು, ಒಳಗೆ ತಗ್ಗಿನಲ್ಲಿ ಗದ್ದೆ. ದೋಣಿಯಲ್ಲಿ ಕುಳಿತು ನೋಡಿದರೆ ಪಕ್ಕದ ಗದ್ದೆಯ ಪೈರು ನಮಗಿಂತ ಕೆಳಗಿರುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಈ ಬೇಸಾಯ ಕ್ರಮವನ್ನು ಜಗತ್ತಿನ ಮಹತ್ವದ ಕೃಷಿ ಪರಂಪರೆಗಳಲ್ಲಿ ಒಂದೆಂದು ಗುರುತಿಸಿತು.

ನನ್ನ ನಾದಿನಿಯನ್ನು ಕೊಟ್ಟಿರುವುದು ಸರೋವರದ ಪಶ್ಚಿಮ ದಂಡೆಯಲ್ಲಿರುವ ಮುಹಮ್ಮ ಎಂಬ ಊರಿಗೆ. ಜನವರಿಯಲ್ಲಿ ಮೂರು ದಿನದ ರಜೆ ಸಿಕ್ಕಿದಾಗ ಮನೆಯವರೂ ನಾನೂ ಮಕ್ಕಳೂ ಮಂಗಳೂರಿನಿಂದ ರಾತ್ರಿ ರೈಲು ಹಿಡಿದು ಹೋದೆವು. ಅವರ ಮನೆಯ ಹಿಂದೆ ಒಂದು ತೋಡು ಇದೆ. ನಮ್ಮ ಊರಿನ ತೋಡಿನಂತೆ ಅದು ಬೇಸಿಗೆಯಲ್ಲಿ ಬತ್ತುವುದಿಲ್ಲ. ವರ್ಷಪೂರ್ತಿ ನೀರು ತುಂಬಿರುತ್ತದೆ, ನೇರವಾಗಿ ಸರೋವರಕ್ಕೆ ಸೇರುತ್ತದೆ. ಆದರೆ ನಾವು ಹೋದಾಗ ನೀರು ಕಾಣಿಸುತ್ತಿರಲಿಲ್ಲ. ಈ ದಂಡೆಯಿಂದ ಆ ದಂಡೆಯವರೆಗೆ ಹಸಿರು ಎಲೆ, ಮೇಲೆ ನೇರಳೆ ಹೂ. ನನ್ನ ಕಿರಿಯವನು ಅದು ತೋಟವೆಂದುಕೊಂಡು ಕಾಲಿಡಲು ಹೊರಟಾಗ ನಾದಿನಿಯ ಅತ್ತೆ ಅವನ ಅಂಗಿಯ ಕಾಲರ್ ಹಿಡಿದು ಹಿಂದಕ್ಕೆ ಎಳೆದರು. ಮನೆಯಲ್ಲೂ ನೆರೆಯಲ್ಲೂ ಎಲ್ಲರೂ ಅವರನ್ನು ಉಮ್ಮ ಎಂದೇ ಕರೆಯುತ್ತಾರೆ. ನಮ್ಮ ಬ್ಯಾರಿ ಭಾಷೆಗೂ ಅವರ ಮಲಯಾಳಂಗೂ ನೆಂಟಸ್ತಿಕೆ ಇರುವುದರಿಂದ ಮಾತಿಗೇನೂ ಕೊರತೆಯಾಗಲಿಲ್ಲ.

ಆ ಗಿಡಕ್ಕೆ ಅಲ್ಲಿ ಪುಸ್ತಕದ ಹೆಸರು ಕುಳವಾಳ. ನಮ್ಮ ಮಾತಿನಲ್ಲಿ ಹೇಳುವುದಾದರೆ ಕೆರೆಬಾಳೆ. ಆದರೆ ಜನರ ಬಾಯಲ್ಲಿ ಅದು ಬರೀ ‘ಪೋಳ’. ಇಂಗ್ಲಿಷಿನಲ್ಲಿ ವಾಟರ್ ಹಯಸಿಂತ್. ಕನ್ನಡ ಪತ್ರಿಕೆಗಳು ಇದನ್ನು ಅಂತರಗಂಗೆ ಎನ್ನುವುದುಂಟು, ನಿಜಕ್ಕೆ ಆ ಹೆಸರು ಪುಟ್ಟ ಎಲೆಕೋಸಿನಂತೆ ತೇಲುವ ಇನ್ನೊಂದು ಗಿಡದ್ದು. ಮದ್ರಸದಲ್ಲಿ ಅರಬಿ ಕಲಿತ ನನಗೆ ಇದರ ಅರಬಿ ಹೆಸರು ಸ್ವಾರಸ್ಯವೆನಿಸಿತು. ಈಜಿಪ್ಟಿನಲ್ಲಿ ಇದನ್ನು ‘ವರ್ದುನ್ನೀಲ್’, ಅಂದರೆ ನೈಲ್ ನದಿಯ ಗುಲಾಬಿ ಎನ್ನುತ್ತಾರೆ. ನೈಲಿಗೂ ಇದಕ್ಕೂ ಹುಟ್ಟಿನ ಸಂಬಂಧವಿಲ್ಲ. ಅಲ್ಲಿಯ ರೈತರ ನೀರಾವರಿ ಕಾಲುವೆಗಳನ್ನೂ ಇದು ಕಟ್ಟಿ ಹಾಕಿದೆ. ಇದರ ತವರು ದಕ್ಷಿಣ ಅಮೆರಿಕದ ಅಮೆಜಾನ್ ಕೊಳ್ಳ. ಹೂವಿನ ಅಂದಕ್ಕೆ ಮನಸೋತು ಯುರೋಪಿನವರು ತಮ್ಮ ತೋಟದ ಕೊಳಗಳಿಗೆ ತಂದರು, ಅಲ್ಲಿಂದ ಲೋಕವೆಲ್ಲ ಸುತ್ತಿತು. ಭಾರತಕ್ಕೆ, ಬಂಗಾಳದ ಮೂಲಕ, ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಬಂತು. ನಲವತ್ತು ವರ್ಷಗಳಲ್ಲಿ ಬಂಗಾಳದ ಭತ್ತದ ಗದ್ದೆಗಳನ್ನೂ ನದಿಗಳನ್ನೂ ಎಷ್ಟು ಕಾಡಿತೆಂದರೆ 1936ರಲ್ಲಿ ಸರಕಾರ ಇದರ ವಿರುದ್ಧವೇ ಒಂದು ಕಾನೂನು ಮಾಡಬೇಕಾಯಿತು. 1937ರ ಚುನಾವಣೆಯಲ್ಲಿ ಕಳೆಯನ್ನು ನಿರ್ಮೂಲ ಮಾಡುತ್ತೇವೆ ಎಂಬುದು ಪಕ್ಷಗಳ ಭರವಸೆಯಾಗಿತ್ತು. ಗೆದ್ದು ಬಂದ ಫಝ್ಲುಲ್ ಹಕ್‌ರ ಸರಕಾರ ಜನರನ್ನು ಕಟ್ಟಿಕೊಂಡು ಕಳೆ ಕೀಳುವ ಚಳವಳಿಯನ್ನೂ ನಡೆಸಿತು. ಒಂದು ಹೂವಿನ ಗಿಡ ಚುನಾವಣೆಯ ವಿಷಯವಾಗುವುದೆಂದರೆ ಸಣ್ಣ ಮಾತಲ್ಲ.

ಕುಟ್ಟನಾಡಿನ ಕಥೆ ಇಷ್ಟೇ ಆಗಿದ್ದರೆ ಹೊರಗಿನಿಂದ ಬಂದ ಕಳೆ, ಊರಿನ ದುರದೃಷ್ಟ ಎಂದು ಮುಗಿಸಬಹುದಿತ್ತು. ಆದರೆ ಉಮ್ಮ ಹೇಳಿದ ಒಂದು ಮಾತಿನಲ್ಲಿ ಬೇರೆಯೇ ವಿಷಯವಿತ್ತು. “ಮೋಳೇ, ನಾನು ಚಿಕ್ಕವಳಿದ್ದಾಗಲೂ ಕಳೆ ಇತ್ತು. ಆದರೆ ವರ್ಷಕ್ಕೊಮ್ಮೆ ಉಪ್ಪು ಬಂದು ಗುಡಿಸಿಕೊಂಡು ಹೋಗುತ್ತಿತ್ತು.”

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಳೆಗಾಲದಲ್ಲಿ ನದಿಗಳು ತುಂಬಿ ಹರಿಯುವಾಗ ಸರೋವರ ಪೂರ್ತಿ ಸಿಹಿ. ಮಳೆ ನಿಂತು ನದಿಗಳು ಸೊರಗಿದ ಮೇಲೆ, ಡಿಸೆಂಬರ್‌ನಿಂದ ಮುಂದಕ್ಕೆ, ಸಮುದ್ರದ ಭರತದೊಂದಿಗೆ ಉಪ್ಪುನೀರು ಕೊಚ್ಚಿಯಿಂದ ಮೇಲೇರಿ ಕುಟ್ಟನಾಡಿನ ತೋಡುಗಳವರೆಗೆ ತಲುಪುತ್ತಿತ್ತು. ಸಿಹಿನೀರಿನ ಗಿಡಗಳಿಗೆ ಉಪ್ಪು ವಿಷ. ಬೇರು ಕೊಳೆತು, ಎಲೆ ಕಂದಿ, ಗಿಡ ಮುಳುಗುತ್ತಿತ್ತು. ತೋಡು ತಾನಾಗಿ ತೆರೆದುಕೊಳ್ಳುತ್ತಿತ್ತು. ಆದರೆ ಅದೇ ಉಪ್ಪು ಭತ್ತಕ್ಕೂ ವಿಷವಲ್ಲವೇ? ದೇಶದಲ್ಲಿ ಅಕ್ಕಿಗೆ ಕೊರತೆಯಿದ್ದ ಕಾಲ ಅದು. ಉಪ್ಪನ್ನು ತಡೆದರೆ ಇನ್ನೊಂದು ಬೆಳೆ ತೆಗೆಯಬಹುದೆಂದು ಲೆಕ್ಕ ಹಾಕಿ ತಣ್ಣೀರ್‌ಮುಕ್ಕಂ ಎಂಬಲ್ಲಿ ಸರೋವರಕ್ಕೆ ಅಡ್ಡವಾಗಿ ಸುಮಾರು ಒಂದೂಕಾಲು ಕಿಲೋಮೀಟರ್ ಉದ್ದದ ತಡೆಗೋಡೆ ಕಟ್ಟಿದರು. 1970ರ ದಶಕದ ನಡುವಿನಿಂದ ಅದು ಕೆಲಸ ಮಾಡುತ್ತಿದೆ. ನಮ್ಮ ಕರಾವಳಿಯ ಕಿಂಡಿ ಅಣೆಕಟ್ಟು ನೋಡಿದವರಿಗೆ ಅದರ ರೀತಿ ಸುಲಭವಾಗಿ ತಿಳಿಯುತ್ತದೆ. ನಾವು ಹಲಗೆ ಇಳಿಸುವ ಜಾಗದಲ್ಲಿ ಅವರು ದೊಡ್ಡ ಶಟರ್‌ಗಳನ್ನು ಇಳಿಸುತ್ತಾರೆ. ಡಿಸೆಂಬರ್ ನಡುವಿನಲ್ಲಿ ಮುಚ್ಚಬೇಕು, ಮಾರ್ಚ್ ನಡುವಿನಲ್ಲಿ ತೆರೆಯಬೇಕು ಎಂಬುದು ಕಾಗದದ ಮೇಲಿನ ಕ್ರಮ.

ಹೀಗೆ ಒಂದೇ ಸರೋವರ ಎರಡಾಯಿತು. ಗೋಡೆಯ ಉತ್ತರಕ್ಕೆ ಉಪ್ಪು, ದಕ್ಷಿಣಕ್ಕೆ ಸಿಹಿ. ಮನೆಗೆ ಗುಡಿಸುವವಳು ಬರುವುದು ನಿಂತಂತೆ ದಕ್ಷಿಣದ ನೀರಿಗೆ ಉಪ್ಪು ಬರುವುದು ನಿಂತಿತು. ಜೊತೆಗೆ ಗದ್ದೆಗಳಿಂದ ಹೊರಬಂದ ಗೊಬ್ಬರದ ನೀರು, ಪೇಟೆಗಳ ಕೊಳಚೆ, ಹೌಸ್‌ಬೋಟ್‌ಗಳ ಹೊಲಸು ಎಲ್ಲವೂ ಅಲ್ಲೇ ನಿಂತಿತು. ಕಳೆಗೆ ಇನ್ನೇನು ಬೇಕು? ಅನುಕೂಲ ಸಿಕ್ಕಿದರೆ ಎರಡು ವಾರದಲ್ಲಿ ಒಂದು ಗಿಡ ಎರಡಾಗುತ್ತದೆ. ಹತ್ತು ಗಿಡಗಳು ಆರು ತಿಂಗಳಲ್ಲಿ ಎಷ್ಟಾಗುತ್ತವೆ ಎಂದು ನನ್ನ ಏಳನೇ ತರಗತಿಯ ಮಕ್ಕಳಿಗೆ ಲೆಕ್ಕ ಕೊಟ್ಟೆ. ಎಂಬತ್ತು ಸಾವಿರ ದಾಟಿತು. ಅದು ಬರೀ ಕವಲೊಡೆದು ಬೆಳೆಯುವ ಲೆಕ್ಕ. ಬೀಜಗಳು ಬೇರೆ ಇವೆ, ಅವು ಕೆಸರಿನಲ್ಲಿ ಇಪ್ಪತ್ತು ವರ್ಷ ಕೂಡ ಜೀವ ಹಿಡಿದು ಕಾಯಬಲ್ಲವು.

ತೋಡು ಮುಚ್ಚಿದರೆ ಅಲ್ಲಿಯ ಹೆಂಗಸಿಗೆ ಏನಾಗುತ್ತದೆ? ದೂರದಲ್ಲಿರುವ ನಮಗೆ ಇದು ಬೇಗ ಹೊಳೆಯುವುದಿಲ್ಲ. ಕುಟ್ಟನಾಡಿನ ಒಳಗಿನ ಎಷ್ಟೋ ಮನೆಗಳಿಗೆ ತೋಡೇ ರಸ್ತೆ. ರೇಷನ್ ಅಕ್ಕಿ, ಗ್ಯಾಸ್ ಸಿಲಿಂಡರ್, ಹೆರಿಗೆ ನೋವು ಬಂದ ಸೊಸೆ, ಎಲ್ಲವೂ ದೋಣಿಯಲ್ಲೇ ಹೋಗಬೇಕು. ಸುತ್ತಲೂ ನೀರಿದ್ದರೂ ಕುಡಿಯುವ ನೀರನ್ನು ಕೊಡದಲ್ಲಿ ತುಂಬಿಸಿ ದೋಣಿಯಲ್ಲೇ ತರಬೇಕು. ಪೋಳ ಕಟ್ಟಿಕೊಂಡರೆ ಹತ್ತು ನಿಮಿಷದ ದಾರಿಗೆ ಮುಕ್ಕಾಲು ಗಂಟೆ, ಹುಟ್ಟು ಹಾಕಿ ತೋಳು ಸೋಲುತ್ತದೆ. ಎಲೆಯ ಹೊದಿಕೆಯ ಕೆಳಗೆ ಬೆಳಕಿಲ್ಲ, ಗಾಳಿಯಿಲ್ಲ, ನೀರು ಕಪ್ಪಾಗಿ ನಾರುತ್ತದೆ. ಅದರಲ್ಲಿ ಪಾತ್ರೆ ತೊಳೆದರೆ, ಬಟ್ಟೆ ಒಗೆದರೆ ಕೈ ಕಾಲು ತುರಿಕೆ. ಉಮ್ಮನ ಮನೆಯ ಹಿಂದಿನ ಕಲ್ಲಿನ ಮೆಟ್ಟಿಲಲ್ಲಿ ಹಿಂದೆ ಮನೆಯವರೆಲ್ಲ ವುಝೂ ಮಾಡುತ್ತಿದ್ದರಂತೆ. ಈಗ ಆ ಮೆಟ್ಟಿಲಲ್ಲಿ ಕೋಳಿಗಳು ಮಲಗುತ್ತವೆ.

ಇನ್ನೊಂದು ವಿಷಯವನ್ನು ಉಮ್ಮ ಗಂಡಸರು ಎದ್ದು ಹೋದ ಮೇಲೆ ಹೇಳಿದರು. ಮುಹಮ್ಮಕ್ಕೆ ಹತ್ತಿರದ ಚೇರ್ತಲ ಒಂದು ಕಾಲದಲ್ಲಿ ಆನೆಕಾಲು ರೋಗಕ್ಕೆ ಹೆಸರಾಗಿತ್ತು. ಅಲ್ಲಿಯ ಆನೆಕಾಲು ರೋಗದ ಹುಳವನ್ನು ಹರಡುವುದು ಮ್ಯಾನ್ಸೋನಿಯಾ ಎಂಬ ಜಾತಿಯ ಸೊಳ್ಳೆ. ಇತರ ಸೊಳ್ಳೆಗಳ ಮರಿ ಉಸಿರಾಡಲು ನೀರಿನ ಮೇಲಕ್ಕೆ ಬರಬೇಕು, ಆದ್ದರಿಂದ ಎಣ್ಣೆ ಚಿಮುಕಿಸಿ ಕೊಲ್ಲಬಹುದು. ಇದರ ಮರಿ ಹಾಗಲ್ಲ. ತೇಲುವ ಗಿಡದ ಬೇರಿಗೆ ತನ್ನ ಕೊಳವೆ ಚುಚ್ಚಿ, ಗಿಡದೊಳಗಿನ ಗಾಳಿಯನ್ನೇ ಹೀರಿಕೊಂಡು ಕೆಳಗೇ ಇರುತ್ತದೆ. ಗಿಡವಿದ್ದರೆ ಮಾತ್ರ ಸೊಳ್ಳೆ. ನಾನು ಮೇಲೆ ಹೇಳಿದ ಅಂತರಗಂಗೆ ಇದಕ್ಕೆ ಬಹಳ ಪ್ರಿಯ, ಪೋಳವೂ ಆಗುತ್ತದೆ. ಚೇರ್ತಲದ ಹಿತ್ತಲ ಕೊಳಗಳಲ್ಲಿ ತೆಂಗಿನ ಬುಡಕ್ಕೆ ಗೊಬ್ಬರವಾಗಲೆಂದು ಜನರು ಈ ಗಿಡಗಳನ್ನು ಉಳಿಸಿಕೊಳ್ಳುತ್ತಿದ್ದರು. ಕಾಲು ಊದಿದ ಹೆಣ್ಣು ಮಕ್ಕಳು ಉದ್ದ ಮುಂಡಿನಲ್ಲಿ ಕಾಲು ಮುಚ್ಚಿಕೊಂಡು ಓಡಾಡುವುದು, ಹೆಣ್ಣು ನೋಡಲು ಬಂದವರು ಮೊದಲು ಪಾದ ನೋಡುವುದು, ಇದೆಲ್ಲ ಉಮ್ಮ ಕಣ್ಣಾರೆ ಕಂಡದ್ದು. ಅವರ ಸ್ವಂತ ಚಿಕ್ಕಮ್ಮನಿಗೆ ಮದುವೆಯಾಗಲೇ ಇಲ್ಲ. 1980ರ ದಶಕದಲ್ಲಿ ಪುದುಚೇರಿಯ ಕೀಟ ನಿಯಂತ್ರಣ ಸಂಶೋಧನಾ ಕೇಂದ್ರದವರು ಬಂದು, ಕೊಳದ ಕಳೆ ತೆಗೆದು ಮೀನು ಸಾಕಲು ಜನರನ್ನು ಒಪ್ಪಿಸಿದರು. ಮೀನಿನಿಂದ ಆದಾಯ ಬಂದಾಗ ಕೊಳಗಳು ತೆರೆದೇ ಉಳಿದವು. ಔಷಧಿ ವಿತರಣೆಯೂ ಸೇರಿ ರೋಗ ತುಂಬ ಇಳಿದಿದೆ. ಅಲ್‌ಹಮ್ದುಲಿಲ್ಲಾಹ್, ನಾದಿನಿಯ ಪ್ರಾಯದವರಿಗೆ ಅದು ಕೇಳಿದ ಕಥೆ ಮಾತ್ರ.

ಪೋಳಕ್ಕಿಂತ ಮೊದಲು ಕುಟ್ಟನಾಡನ್ನು ಹೆದರಿಸಿದ್ದು ಇನ್ನೊಂದು ಕಳೆ, ‘ಆಫ್ರಿಕನ್ ಪಾಯಲ್’. ಹೆಸರಲ್ಲಿ ಆಫ್ರಿಕಾ ಇದ್ದರೂ ಹುಟ್ಟಿದ್ದು ಬ್ರೆಜಿಲ್‌ನಲ್ಲಿ. ಇದು ಹೂ ಬಿಡದ, ಜರಿಗಿಡದ ಜಾತಿಯ ಪುಟ್ಟ ತೇಲುಗಿಡ. 1955ರಲ್ಲಿ ತಿರುವನಂತಪುರದ ವೇಳಿ ಸರೋವರದಲ್ಲಿ ಮೊದಲು ಕಾಣಿಸಿಕೊಂಡು, 1964ರ ಹೊತ್ತಿಗೆ ದೊಡ್ಡ ಪಿಡುಗಾಯಿತು. ಚಾಪೆಯ ಮೇಲೆ ಚಾಪೆ ಹಾಸಿದಂತೆ ಪದರ ಪದರವಾಗಿ ಬೆಳೆದು ಕಾಲುವೆಗಳನ್ನೂ ಗದ್ದೆಗಳನ್ನೂ ತುಂಬಿತು. ಶಾಲೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಪಾಯಲ್ ಎಳೆಸುತ್ತಿದ್ದುದು ಉಮ್ಮನಿಗೆ ನೆನಪಿದೆ.

ಇದನ್ನು ಸೋಲಿಸಿದ್ದು ಎಳ್ಳಿನಷ್ಟು ದೊಡ್ಡ ಒಂದು ಮೂತಿಹುಳ. ಇದರಲ್ಲಿ ನಮ್ಮ ಬೆಂಗಳೂರಿನ ಪಾಲೂ ಇದೆ. ಮೊದಮೊದಲು ವಿಜ್ಞಾನಿಗಳು ಈ ಗಿಡವನ್ನು ಅದರ ಇನ್ನೊಂದು ಸೋದರ ಜಾತಿಯೆಂದು ತಿಳಿದು, ಆ ಜಾತಿ ತಿನ್ನುವ ಹುಳಗಳನ್ನು ಬೇರೆ ದೇಶಗಳಲ್ಲಿ ಬಿಟ್ಟು ನೋಡಿದ್ದರು, ಫಲ ಸಿಗಲಿಲ್ಲ. 1972ರಲ್ಲಿ ಇದು ಬೇರೆಯೇ ಜಾತಿ ಎಂದು ಹೆಸರಾಯಿತು. ಅದರ ನಿಜವಾದ ತವರನ್ನು ಹುಡುಕಿದಾಗ ಬ್ರೆಜಿಲ್‌ನಲ್ಲಿ ಇದನ್ನೇ ತಿಂದು ಬದುಕುವ ಹುಳ ಸಿಕ್ಕಿತು. 1980ರಲ್ಲಿ ಆಸ್ಟ್ರೇಲಿಯಾದ ಮೂಂಡಾರಾ ಎಂಬ ಸರೋವರದಲ್ಲಿ ಅದನ್ನು ಬಿಟ್ಟರು. ಒಂದೂವರೆ ವರ್ಷದೊಳಗೆ ಸರೋವರ ತೆರೆದುಕೊಂಡಿತು. ಆ ಕೆಲಸಕ್ಕೆ 1985ರಲ್ಲಿ ಯುನೆಸ್ಕೋ ವಿಜ್ಞಾನ ಪ್ರಶಸ್ತಿ ಬಂತು. 1982ರಲ್ಲಿ ಹುಳ ಆಸ್ಟ್ರೇಲಿಯಾದಿಂದ ಬೆಂಗಳೂರಿಗೆ ಬಂತು. ಬೇರೆ ಬೆಳೆಗಳನ್ನು ಮುಟ್ಟುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು ಬೆಂಗಳೂರಿನ ಒಂದು ತಾವರೆಕೊಳದಲ್ಲಿ ಬಿಟ್ಟರೆ ಹನ್ನೊಂದು ತಿಂಗಳಲ್ಲಿ ಕೊಳದ ಪಾಯಲ್ ಪೂರ್ತಿ ಹೋಗಿತ್ತು. ನಂತರ ಕೇರಳಕ್ಕೆ ಒಯ್ದರು. 1980ರ ದಶಕ ಮುಗಿಯುವುದರೊಳಗೆ ಕುಟ್ಟನಾಡಿನ ಎಷ್ಟೋ ಕಾಲುವೆಗಳಲ್ಲಿ ದೋಣಿ ಮತ್ತೆ ಓಡಿತು. ಔಷಧಿ ಸಿಂಪಡಿಸದೆ, ಸಾವಿರಾರು ಕೂಲಿಯಾಳುಗಳನ್ನು ಹಚ್ಚದೆ ಆದ ಕೆಲಸ.

ಹಾಗಾದರೆ ಪೋಳಕ್ಕೂ ಒಂದು ಹುಳ ತರಬಾರದೇ ಎಂದು ನನ್ನ ಮಗಳು ಕೇಳಿದಳು. ತಂದಿದ್ದಾರೆ. 1980ರ ದಶಕದಲ್ಲೇ ಬೆಂಗಳೂರಿಗೆ ಎರಡು ಬಗೆಯ ಮೂತಿಹುಳಗಳು ಬಂದವು, ಅಲ್ಲಿಯ ಕೆಲವು ಕೆರೆಗಳಲ್ಲಿ ಒಳ್ಳೆಯ ಫಲವನ್ನೂ ಕೊಟ್ಟವು. ಆದರೆ ಕೊಳಚೆ ಸೇರಿ ಸಾರ ತುಂಬಿದ ನೀರಿನಲ್ಲಿ, ಹುಳ ತಿನ್ನುವುದಕ್ಕಿಂತ ವೇಗವಾಗಿ ಗಿಡ ಚಿಗುರುತ್ತದೆ. ಬೆಂಗಳೂರಿನ ಕೆರೆಗಳ ಪಕ್ಕ ಬಸ್ಸಿನಲ್ಲಿ ಹಾದುಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕಳೆಯನ್ನು ಹುಳ ತಿಂದು ಮುಗಿಸಿದರೂ ನೀರಿನ ರೋಗ ಹಾಗೆಯೇ ಇದ್ದರೆ ಖಾಲಿಯಾದ ಜಾಗಕ್ಕೆ ಇನ್ನೊಂದು ಬಂದು ಕೂರುತ್ತದೆ. ಕುಟ್ಟನಾಡಿನಲ್ಲಿ ಪಾಯಲ್ ಹೋಗಿ ಪೋಳ ಮೆರೆಯುತ್ತಿರುವುದನ್ನು ನೋಡಿದಾಗ ನನಗೆ ಅನಿಸಿದ್ದು ಇದೇ.

ಪೋಳದಿಂದ ಚಾಪೆ, ಬುಟ್ಟಿ, ಚೀಲ ಹೆಣೆಯುವ ತರಬೇತಿಗಳ ಬಗ್ಗೆ ನೀವು ಓದಿರಬಹುದು. ಆಲಪ್ಪುಳದ ಎಸ್.ಡಿ. ಕಾಲೇಜಿನವರು ಇದರಿಂದ ಅಣಬೆ ಬೆಳೆಯುವುದು, ಕಾಗದ ಮಾಡುವುದು ಮುಂತಾದ ಪ್ರಯೋಗಗಳನ್ನು ಬಹಳ ಕಾಲದಿಂದ ಮಾಡುತ್ತಿದ್ದಾರೆ. ಮನೆಯಲ್ಲಿ ಕುಳಿತು ನಾಲ್ಕು ಕಾಸು ಸಂಪಾದಿಸುವ ಸಹೋದರಿಯರಿಗೆ ಇದು ಒಳ್ಳೆಯದೇ. ಆದರೆ ಇದರಿಂದ ಸರೋವರ ಸ್ವಚ್ಛವಾಗುತ್ತದೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ನೂರು ಕಿಲೋ ಪೋಳ ಎಳೆದು ದಡಕ್ಕೆ ಹಾಕಿದರೆ ಅದರಲ್ಲಿ ತೊಂಬತ್ತು ಕಿಲೋಗಿಂತಲೂ ಹೆಚ್ಚು ಬರೀ ನೀರು. ಒಣಗಿದ ಮೇಲೆ ಉಳಿಯುವ ನಾರಿನಿಂದ ಎಷ್ಟು ಬುಟ್ಟಿ ಹೆಣೆದಾರು? ಅಷ್ಟರಲ್ಲಿ ತೋಡಿನಲ್ಲಿ ಮತ್ತೆ ನೂರು ಕಿಲೋ.

ಮೀನುಗಳ ಕಥೆಯೂ ಇದೇ ದಾರಿಯದು. 2018ರ ಆಗಸ್ಟ್‌ನ ಮಹಾ ನೆರೆಯಲ್ಲಿ ಸಾಕಣೆ ಕೊಳಗಳು ತುಂಬಿ ಹರಿದಾಗ ದಕ್ಷಿಣ ಅಮೆರಿಕದ ಅರಪೈಮಾ, ಉತ್ತರ ಅಮೆರಿಕದ ಅಲಿಗೇಟರ್ ಗಾರ್‌ನಂತಹ ಭಾರೀ ಮೀನುಗಳು ಕೇರಳದ ನದಿಗಳಲ್ಲಿ ಬಲೆಗೆ ಬಿದ್ದವು. 2020ರ ನವೆಂಬರ್‌ನಲ್ಲಿ ಕೋಝಿಕ್ಕೋಡ್ ಜಿಲ್ಲೆಯ ಆವಳ ಪಾಂಡಿ ಎಂಬಲ್ಲಿ ತೋಡು ತುಂಬ ಗುಲಾಬಿ ಹೂ ಅರಳಿತೆಂದು ಊರೂರಿನಿಂದ ಜನ ನೋಡಲು ನೆರೆದರು, ಅಂಗಡಿಗಳೂ ಎದ್ದವು. ಅದು ಕಬೊಂಬಾ, ಮನೆಯ ಗಾಜಿನ ತೊಟ್ಟಿಯಲ್ಲಿ ಮೀನಿನ ಜೊತೆ ನೆಡುವ ಗಿಡ, ಅದರ ತವರೂ ದಕ್ಷಿಣ ಅಮೆರಿಕ. ಮಕ್ಕಳಿಗೆ ಅಕ್ವೇರಿಯಂ ಸಾಕಿಸಾಕಿ ಬೇಜಾರಾದಾಗ ಅದರ ನೀರು, ಗಿಡ, ಮೀನು ಎಲ್ಲವನ್ನೂ ಪುಣ್ಯವೆಂಬಂತೆ ಹತ್ತಿರದ ತೋಡಿಗೋ ಕೆರೆಗೋ ಬಿಡುವ ರೂಢಿ ನಮ್ಮ ಊರುಗಳಲ್ಲೂ ಇದೆ. ಗಿಡವನ್ನು ಬಿಸಿಲಿಗೆ ಹಾಕಿ ಒಣಗಿಸಿ ಮಣ್ಣಿನಲ್ಲಿ ಹೂಳುವುದು, ಮೀನನ್ನು ಅಂಗಡಿಗೇ ಮರಳಿ ಕೊಡುವುದು ಕಷ್ಟವೇನಲ್ಲ. ನೀರಿನ ಕುಂಡಕ್ಕೆಂದು ನರ್ಸರಿಯಿಂದ ನೇರಳೆ ಹೂವಿನ ಗಿಡ ತರುವಾಗಲೂ ಅದು ಯಾವುದೆಂದು ಒಮ್ಮೆ ಕೇಳಬಹುದು.

ಎರಡನೇ ದಿನ ಜಲಸಾರಿಗೆ ಇಲಾಖೆಯ ಬೋಟಿನಲ್ಲಿ ಮುಹಮ್ಮದಿಂದ ಆಚೆ ದಂಡೆಯ ಕುಮರಗಂಗೆ ಹೋದೆವು. ದಾರಿಯಲ್ಲಿ ಪಾತಿರಾಮಣಲ್ ಎಂಬ ಪುಟ್ಟ ದ್ವೀಪ ಕಾಣುತ್ತದೆ. ‘ನಡುರಾತ್ರಿಯ ಮರಳು’ ಎಂದು ಆ ಹೆಸರಿನ ಅರ್ಥ. ಸರೋವರದ ನಡುವೆ ನೀರು ಬಿಚ್ಚಿಕೊಂಡಿತ್ತು, ಗಾಳಿಯೂ ಚೆನ್ನಾಗಿತ್ತು. ಕುಮರಗಂ ಹತ್ತಿರ ಬಂದಾಗ ಬೋಟು ಪೋಳದ ದೊಡ್ಡ ತೆಪ್ಪವೊಂದಕ್ಕೆ ಸಿಕ್ಕಿ ಏದುಸಿರು ಬಿಡುತ್ತ ನಿಂತಿತು. ಚಾಲಕ ಯಂತ್ರವನ್ನು ಹಿಂದೆ ಮುಂದೆ ತಿರುಗಿಸಿ, ಇನ್ನೊಬ್ಬ ಉದ್ದ ಗಳುವಿನಿಂದ ತಳ್ಳಿ, ಹದಿನೈದು ನಿಮಿಷದ ಮೇಲೆ ಬಿಡಿಸಿಕೊಂಡರು. ಒಳಗಿದ್ದ ಕಾಲೇಜು ಹುಡುಗಿಯರು ತಲೆ ಎತ್ತಿ ನೋಡಲೂ ಇಲ್ಲ, ಓದುತ್ತಿದ್ದ ಪುಸ್ತಕದ ಪುಟ ಮಗುಚಿದರು.

ಶಟರ್ ತೆರೆಯುವ ದಿನದ ಬಗ್ಗೆ ಪ್ರತಿ ವರ್ಷ ಜಗಳ. ಕೊಯ್ಲು ಮುಗಿಯದ ರೈತರಿಗೆ ಉಪ್ಪು ಬಂದರೆ ಪೈರು ಹೋಗುತ್ತದೆ. ಮೀನುಗಾರರದ್ದು ಬೇರೆ ಸಂಕಟ. ಅಲ್ಲಿ ಕಕ್ಕ ಎನ್ನುವ ಕಪ್ಪು ಮರುವಾಯಿಗೆ ಮರಿಯಾಗಲು ಸ್ವಲ್ಪ ಉಪ್ಪು ಬೇಕು, ಸಿಹಿನೀರಿನ ದೊಡ್ಡ ಸಿಗಡಿಗೂ ಮೊಟ್ಟೆ ಮರಿಗೆ ಉಪ್ಪು ಬೆರೆತ ನೀರಿಗೆ ಇಳಿದು ಹೋಗಬೇಕು. ಗೋಡೆ ಮುಚ್ಚಿದ್ದರೆ ಎರಡೂ ಇಲ್ಲ. ಗಂಡಸರು ಮುಳುಗಿ ತಂದ ಕಕ್ಕವನ್ನು ಬೇಯಿಸಿ, ಚಿಪ್ಪಿನಿಂದ ಮಾಂಸ ಬೇರ್ಪಡಿಸಿ ಮಾರುವವರು ಹೆಂಗಸರು. ಉಮ್ಮನ ನೆರೆಮನೆಯ ಇಬ್ಬರು ಈಗ ಆ ಕೆಲಸ ಬಿಟ್ಟು ಬೇರೆ ಮನೆಗಳ ಪಾತ್ರೆ ತೊಳೆಯಲು ಹೋಗುತ್ತಾರೆ. ಗೋಡೆಯನ್ನೇ ಒಡೆಯಬೇಕು ಎಂದು ನಾನು ಹೇಳಲಾರೆ, ಆ ಗದ್ದೆಗಳ ಅಕ್ಕಿಯನ್ನೂ ಯಾರೋ ತಾಯಂದಿರೇ ಬೇಯಿಸಿ ಬಡಿಸುತ್ತಿದ್ದಾರೆ. ಆದರೆ ಎಲ್ಲ ರೈತರೂ ಒಂದೇ ಹೊತ್ತಿಗೆ ಬಿತ್ತಿ ಒಂದೇ ಹೊತ್ತಿಗೆ ಕೊಯ್ದರೆ ನಿಗದಿಯ ದಿನಕ್ಕೆ ತೆರೆಯಲು ತೊಂದರೆಯಿಲ್ಲ ಎಂದು ಅಲ್ಲಿಯವರೇ ಹೇಳುತ್ತಾರೆ. ತಡವಾಗಿ ಬಿತ್ತಿದ ಒಂದು ಗದ್ದೆಗಾಗಿ ಇಡೀ ಸರೋವರ ಕಾಯಬೇಕಾಗುವುದು ನ್ಯಾಯವೆಂದು ನನಗೆ ಕಾಣುವುದಿಲ್ಲ.

ಏಪ್ರಿಲ್‌ನಲ್ಲಿ ನಾದಿನಿ ಫೋನ್ ಮಾಡಿದ್ದಳು. ಕೊನೆಗೂ ಶಟರ್ ಎತ್ತಿದ್ದಾರೆ, ಉಪ್ಪು ಮನೆಯ ಹಿಂದಿನವರೆಗೆ ಬಂದಿದೆ ಅತ್ತಿಗೆ, ಪೋಳ ಕಂದು ಬಣ್ಣಕ್ಕೆ ತಿರುಗಿ ಕೊಳೆತು ಒಂದು ವಾರ ಮೂಗು ಬಿಡಲಾಗಲಿಲ್ಲ ಎಂದಳು. ಈಗ ನೀರು ಕಾಣುತ್ತಿದೆ, ಉಮ್ಮ ಕೋಳಿಗಳನ್ನು ಓಡಿಸಿ ಮೆಟ್ಟಿಲು ತಿಕ್ಕಿಸಿದ್ದಾರೆ. ಜೂನ್‌ನಲ್ಲಿ ಮಳೆ ಹಿಡಿದರೆ ಮೇಲಿನ ನದಿಗಳಿಂದ ಹೊಸ ಪೋಳ ಇಳಿಯುತ್ತದಂತೆ.